ಓರೆ ಅಕ್ಷರಗಳನ್ನು ನೋಡಿಯೇ ಕೊಳ್ಳಬೇಕಾದ ಕಾದಂಬರಿ: ‘ದಿ ಸೌಂಡ್ ಆ್ಯಂಡ್ ದ ಫ್ಯೂರಿ’

ಅಮೆರಿಕದ ಲೇಖಕ ವಿಲಿಯಂ ಫಾಕ್ನರ್ ಅವರ 1929ರ ಈ ಕಾದಂಬರಿಯನ್ನು ನಾನು ಎರಡು ಬಾರಿ ಕೊಂಡಿದ್ದೇನೆ. ಮೊದಲು ಅಗ್ಗದ ಬೆಲೆಗೆ ಸಿಕ್ಕ ಇ-ಪುಸ್ತಕದಲ್ಲಿ, ಕಥೆ ಒಂದು ಕಾಲದಿಂದ ಇನ್ನೊಂದಕ್ಕೆ ಜಿಗಿಯುವುದನ್ನು ಸೂಚಿಸುವ ಓರೆ ಅಕ್ಷರಗಳೆಲ್ಲವೂ (ಇಟ್ಯಾಲಿಕ್ಸ್) ನೇರವಾಗಿಬಿಟ್ಟಿದ್ದವು. ಯಾವ ಕಾಲದ ಮಾತು ನಡೆಯುತ್ತಿದೆ ಎಂಬುದೇ ತಿಳಿಯದೆ ಓದು ನಿಂತುಹೋಯಿತು. ಎರಡನೆಯದು, ಫಾಕ್ನರ್ ವಿದ್ವಾಂಸ ನೋಯೆಲ್ ಪೋಕ್ 1984ರಲ್ಲಿ ಪರಿಷ್ಕರಿಸಿದ ಪಾಠವನ್ನು ಅನುಸರಿಸುವ ಮುದ್ರಿತ ಪ್ರತಿ. ಕಾದಂಬರಿ ನನಗೆ ದಕ್ಕಿದ್ದು ಇದರಲ್ಲಿ.

ಮಿಸಿಸಿಪಿ ರಾಜ್ಯದ ಕಾಂಪ್ಸನ್ ಮನೆತನದ ಪತನವನ್ನು ನಾಲ್ಕು ಭಾಗಗಳು ಹೇಳುತ್ತವೆ. ಮೊದಲ ಭಾಗ 1928ರ ಏಪ್ರಿಲ್ 7ರದು, ಮೂವತ್ತಮೂರು ವರ್ಷದ, ಮಾತು ಬಾರದ ಬೆಂಜಿಯದು. ಬೇಲಿ ದಾಟುವಾಗ ಅವನ ಬಟ್ಟೆ ಮೊಳೆಗೆ ಸಿಕ್ಕಿಕೊಳ್ಳುತ್ತದೆ. ಮರುಸಾಲಿನಲ್ಲೇ ಅಕ್ಷರಗಳು ಓರೆಯಾಗಿ, ಎಷ್ಟೋ ವರ್ಷಗಳ ಹಿಂದೆ ಅಕ್ಕ ಕ್ಯಾಡಿ ಅವನನ್ನು ಅಂಥದೇ ಮೊಳೆಯಿಂದ ಬಿಡಿಸುತ್ತಿರುತ್ತಾಳೆ. ಅವನಿಗೆ ಅಂದು-ಇಂದು ಎಂಬ ಭೇದವಿಲ್ಲ, ಅಕ್ಷರದ ಓರೆಯೇ ನಮಗಿರುವ ಮುಖ್ಯ ದಾರಿಗುರುತು. ಈ ಕಾಲಪಲ್ಲಟಗಳನ್ನು ಬಣ್ಣದ ಶಾಯಿಯಲ್ಲಿ ಮುದ್ರಿಸಬೇಕೆಂಬ ಆಸೆ ಫಾಕ್ನರ್ ಅವರಿಗಿತ್ತು. 2012ರಲ್ಲಿ ಲಂಡನ್ನಿನ ಪ್ರಕಾಶನ ಸಂಸ್ಥೆ ಫೋಲಿಯೊ ಸೊಸೈಟಿಯು ಹದಿನಾಲ್ಕು ಬಣ್ಣಗಳಲ್ಲಿ ಅದನ್ನು ನೆರವೇರಿಸಿತು. ಆದರೂ ಎಲ್ಲವನ್ನೂ ಬಣ್ಣವೇ ಬಿಡಿಸಿ ಹೇಳಿಬಿಟ್ಟರೆ ಬೆಂಜಿಯ ದಿಗ್ಭ್ರಮೆಯಲ್ಲಿ ಓದುಗನಿಗಿರುವ ಪಾಲು ಕಡಿಮೆಯಾದೀತೆಂದು ನನಗೆ ತೋರುತ್ತದೆ.

ಎರಡನೆಯ ಭಾಗದಲ್ಲಿ, ಹಾರ್ವರ್ಡ್‌ನಲ್ಲಿ ಓದುತ್ತಿರುವ ಬೆಂಜಿಯ ಅಣ್ಣ ಕ್ವೆಂಟಿನ್ ಗಡಿಯಾರದ ಮುಳ್ಳುಗಳನ್ನು ಕಿತ್ತೆಸೆದು ಸಾವಿನತ್ತ ನಡೆಯುವಾಗ, ವಿರಾಮಚಿಹ್ನೆಗಳೂ ಅವನ ಕೈಬಿಡುತ್ತವೆ. ಮೂರನೆಯ ಭಾಗದಲ್ಲಿ ಇನ್ನೊಬ್ಬ ಅಣ್ಣ ಜೇಸನ್‌ನ ಹಣದ ಲೆಕ್ಕಾಚಾರ ಮತ್ತು ದ್ವೇಷ ಅತ್ಯಂತ ಸುಲಭವಾಗಿ ಓದಿಸಿಕೊಳ್ಳುತ್ತವೆ, ಅಸಹ್ಯವನ್ನೂ ಅಷ್ಟೇ ಹುಟ್ಟಿಸುತ್ತವೆ.

ನನ್ನನ್ನು ಅಲುಗಾಡಿಸಿದ್ದು ನಾಲ್ಕನೆಯ ಭಾಗ. ಇಲ್ಲಿ ‘ನಾನು’ ಎಂಬ ಉತ್ತಮ ಪುರುಷದ ನಿರೂಪಣೆ ನಿಂತು, ಕಥೆ ಪ್ರಥಮ ಪುರುಷಕ್ಕೆ ಹೊರಳುತ್ತದೆ. ಈಸ್ಟರ್ ಭಾನುವಾರದ ಚಳಿಯ ಮುಂಜಾವಿನಲ್ಲಿ ಮನೆಕೆಲಸದ ಡಿಲ್ಸಿ ಹೊರಗೆ ಬರುತ್ತಾಳೆ. ಮೊದಲ ಭಾಗದಲ್ಲಿ ಯಾರ ಮನಸ್ಸಿನೊಳಗೆ ಕುಳಿತು ಲೋಕವನ್ನು ಕಂಡಿದ್ದೆವೋ ಆ ಬೆಂಜಿಯನ್ನು ಮೊದಲ ಬಾರಿಗೆ ಹೊರಗಿನಿಂದ ನೋಡುತ್ತೇವೆ: ಭಾರವಾದ ದೇಹ, ತಿಳಿನೀಲಿ ಕಣ್ಣುಗಳು. ಅವನ ಒಳಗನ್ನು ಬಲ್ಲ ನಾವು ಈಗ ಅಪರಿಚಿತರಂತೆ ಅವನನ್ನು ದಿಟ್ಟಿಸಬೇಕಾಗುತ್ತದೆ. ದೃಷ್ಟಿಕೋನದ ಬದಲಾವಣೆಯೊಂದು ಇಷ್ಟು ನೋವು ಕೊಡಬಲ್ಲದೆಂದು ನಾನು ತಿಳಿದಿರಲಿಲ್ಲ. ಮೂವರು ಸಹೋದರರ ಮನಸ್ಸನ್ನೂ ತುಂಬಿರುವ ಕ್ಯಾಡಿಗೆ ಮಾತ್ರ ತನ್ನದೆಂಬ ಒಂದು ಭಾಗವಿಲ್ಲ.

1946ರ ಮರುಮುದ್ರಣದಲ್ಲಿ ಫಾಕ್ನರ್ ಸೇರಿಸಿದ ಅನುಬಂಧ ನಿಮ್ಮ ಪ್ರತಿಯಲ್ಲಿ ಆರಂಭದಲ್ಲೇ ಇದ್ದರೆ ಅದನ್ನು ಕೊನೆಯಲ್ಲಿ ಓದಿ; ಕುಟುಂಬದ ವಿವರವನ್ನು ಮೊದಲೇ ತಿಳಿದುಕೊಂಡರೆ ಬೆಂಜಿಯ ಭಾಗ ಸಪ್ಪೆಯಾಗುತ್ತದೆ. ಯಾವುದೇ ಪ್ರತಿಯನ್ನು ಕೊಳ್ಳುವ ಮುನ್ನ ಆರಂಭದ ಪುಟಗಳಲ್ಲಿರುವ ಮೊಳೆಯ ಪ್ರಸಂಗವನ್ನು ತೆರೆದು, ಕ್ಯಾಡಿ ಬರುವ ಸಾಲು ಓರೆಯಾಗಿದೆಯೇ ಎಂದು ನೋಡಿಕೊಳ್ಳಿ.