ಕಪ್ಪೆ ಎಣಿಸಲು ಕಿವಿಯೋ, ರೆಕಾರ್ಡರೋ, ಕ್ಯಾಮೆರಾವೋ?

ನಾನು ಮಂಡ್ಯ ಕಡೆಯವನು. ನಾಲೆಗೆ ನೀರು ಬಿಟ್ಟರೆ ಅದು ಭತ್ತಕ್ಕೆ, ಕಬ್ಬಿಗೆ. ಅಷ್ಟೇ ಗೊತ್ತಿದ್ದದ್ದು. ಕಪ್ಪೆಗೂ ಲೆಕ್ಕ ಹಾಕಿ ನೀರು ಬಿಡುತ್ತಾರೆ ಅಂತ ತಿಳಿದದ್ದು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಕಪ್ಪೆಗೆ ನೀರಾ? ನಮ್ ಗದ್ದೆಗೇ ಕಟ್ಟು ನೀರು ಸರಿಯಾಗಿ ಬರಾಕಿಲ್ಲ ಕಣ್ಲಾ" ಅಂದರು.

ಜಾಗದ ಹೆಸರು ಲೋಬಿಜಿ. ಮರಂಬಿಜಿ ನದಿಯ ಕೆಳಭಾಗ, ಬಾಲ್ರನಾಲ್ಡ್ ಊರಿನ ಸುತ್ತಮುತ್ತ. ಮೇಲೆ ಬರಿಂಜಕ್, ಬ್ಲೋರಿಂಗ್ ಅಣೆಕಟ್ಟುಗಳು ಎದ್ದ ಮೇಲೆ ವಸಂತಕಾಲದ ಸಣ್ಣಪುಟ್ಟ ನೆರೆಗಳು ಇಲ್ಲಿನ ತಗ್ಗುಗಳಿಗೆ ಬರುವುದು ಕಡಿಮೆಯಾಯಿತು. ಹಾಗಾಗಿ ಸರ್ಕಾರವೇ ಪರಿಸರದ ಪಾಲು ಅಂತ ಒಂದಷ್ಟು ನೀರು ತೆಗೆದಿಟ್ಟು, ತೂಬು ಎತ್ತಿ ಜೌಗಿಗೆ ಹರಿಸುತ್ತದೆ. 2012ರ ಬೇಸಿನ್ ಪ್ಲಾನ್, ಅಂದರೆ ಮರ್ರಿ-ಡಾರ್ಲಿಂಗ್ ನದಿ ಬಯಲಿನ ನೀರು ಹಂಚಿಕೆ ಯೋಜನೆ, ಬಂದ ಮೇಲಂತೂ ಇದು ದೊಡ್ಡ ವ್ಯವಹಾರ. ರೈತರಿಂದ ದುಡ್ಡು ಕೊಟ್ಟು ಕೊಂಡ ನೀರೂ ಇದರಲ್ಲಿ ಸೇರಿದೆ. ಅಂದ ಮೇಲೆ 'ಬಿಟ್ಟ ನೀರಿಂದ ಏನು ಸಿಕ್ಕಿತು?' ಅಂತ ಕೇಳದೆ ಇರುತ್ತಾರಾ?

ಆ ಲೆಕ್ಕ ಹಿಡಿಯುವ ತಂಡದ ಜೊತೆ ಎರಡು ಬೇಸಿಗೆ ಸುಮ್ನೆ ಸಹಾಯಕ್ಕೆ ಹೋಗಿದ್ದೆ. ಮುಖ್ಯವಾಗಿ ಹುಡುಕುತ್ತಿದ್ದದ್ದು ಸದರ್ನ್ ಬೆಲ್ ಫ್ರಾಗ್. ಹಸಿರು ಮೈ, ಅದರ ಮೇಲೆ ಕಂದು ಮಚ್ಚೆ. ಅದರ ಕೂಗು ದೂರದಲ್ಲಿ ಯಾರೋ ಬೈಕಿನ ಗೇರ್ ಬದಲಿಸುತ್ತಾ ದಿಬ್ಬ ಹತ್ತಿದ ಹಾಗೆ. 1997ರಿಂದ 2009ರವರೆಗಿನ ದೊಡ್ಡ ಬರದಲ್ಲಿ ಈ ಕಪ್ಪೆ ತೀರಾ ಸೊರಗಿ, ಇದನ್ನು ಉಳಿಸಲೆಂದೇ ಬಾಲ್ರನಾಲ್ಡ್ ಪಕ್ಕದ ಯಾಂಗಾ ಅನ್ನುವ ಕಡೆಯ ಕೆಲವು ಜೌಗುಗಳಿಗೆ ನೀರು ಹರಿಸಿದ್ದರು.

ಮೊದಲು ಕಿವಿ. ಕತ್ತಲಾದ ಮೇಲೆ ಇಬ್ಬರು, ತಲೆಗೆ ಟಾರ್ಚು, ಸೊಂಟದವರೆಗೆ ರಬ್ಬರ್ ಪ್ಯಾಂಟು, ಇಪ್ಪತ್ತು ನಿಮಿಷ. ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳಬೇಕು. ಒಂದು ಜೌಗಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟುಗಳನ್ನು ಔಷಧಿ ನೀರಿನಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನು ನಾವೇ ಹೊತ್ತುಕೊಂಡು ಹೋದಂತೆ. ಕಿವಿಗೆ ತರಬೇತಿ ಬೇಗ ಆಗುತ್ತದೆ. ಸ್ಪಾಟೆಡ್ ಮಾರ್ಷ್ ಫ್ರಾಗ್ ಟಕಟಕಟಕ ಅನ್ನುತ್ತದೆ. ಬಾಂಜೊ ಕಪ್ಪೆ ತಂತಿ ಮೀಟಿದ ಹಾಗೆ 'ಬಾಂಕ್'. ಪೆರೋನ್ಸ್ ಮರಗಪ್ಪೆ ಹುಚ್ಚುನಗು ನಗುತ್ತದೆ. ಆದರೆ ಎಲ್ಲಾ ಒಟ್ಟಿಗೆ ಶುರು ಮಾಡಿದರೆ ಎಣಿಕೆ ಮುಗಿಯಿತು. ಐವತ್ತು ದಾಟಿತು ಅನ್ನಿಸಿದರೆ 'ತುಂಬಾ' ಅಂತ ಬರೆದು ಮುಂದೆ ಹೋಗುತ್ತಿದ್ದೆವು.

ಇನ್ನೊಂದು ಕಷ್ಟ ಇದೆ. ಒಂದು ರಾತ್ರಿ ತಣ್ಣನೆ ಗಾಳಿ ಬೀಸುತ್ತಿತ್ತು. ಬೆಲ್ ಫ್ರಾಗ್ ಕಾಲಂನಲ್ಲಿ ಸೊನ್ನೆ ಹಾಕಿ ಬಂದೆ. ಅಲ್ಲೇ ಕಟ್ಟಿದ್ದ ರೆಕಾರ್ಡರನ್ನು ಆಮೇಲೆ ತೆಗೆದು ಕೇಳಿದರೆ, ಅದೇ ರಾತ್ರಿ ಗಾಳಿ ನಿಂತ ಮೇಲೆ, ಒಂದು ಗಂಟೆ ಹೊತ್ತಿಗೆ, ಆರಾಮಾಗಿ ಬೈಕು ದಿಬ್ಬ ಹತ್ತುತ್ತಿದೆ! ನಾನಾಗ ನಿದ್ದೆಯಲ್ಲಿದ್ದೆ.

ಅವತ್ತಿನಿಂದ ನನ್ನ ಮತ ರೆಕಾರ್ಡರಿಗೆ. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಗಂಟೆಗೆ ಐದೇ ನಿಮಿಷ ಕೇಳು ಅಂತ ಹೇಳಿಟ್ಟರೆ ವಾರಗಟ್ಟಲೆ ಕೆಲಸ ಮಾಡುತ್ತದೆ. ದೊಡ್ಡ ಲಾಭ ಅಂದರೆ ಅದು ನೀರು ಬರುವ ಮೊದಲೇ ಅಲ್ಲಿರುತ್ತದೆ. ನೀರು ಬಂದ ಎಷ್ಟನೇ ರಾತ್ರಿ ಮೊದಲ ಕೂಗು ಬಿತ್ತು ಅಂತ ದಿನಾಂಕ ಸಮೇತ ಹೇಳುತ್ತದೆ. ನಾವು ಹಾಗೆ ಹೇಳೋಕಾಗಲ್ಲ. ಇಲ್ಲಿಯ ಬೂದು ಜೇಡಿ ನಮ್ಮೂರ ಎರೆಮಣ್ಣಿನ ಅಣ್ಣ, ಎರಡು ಹನಿ ಬಿದ್ದರೆ ದಾರಿ ಬಂದ್.

ಹಾಗಂತ ತಲೆನೋವು ಇಲ್ಲ ಅಂತಲ್ಲ. ಮೊದಲನೇದನ್ನು ಒಣ ಜೌಗಿನ ಮರಕ್ಕೆ ಮೊಣಕಾಲೆತ್ತರಕ್ಕೆ ಕಟ್ಟಿದ್ದೆ. ಆಮೇಲೆ ನೀರು ಬಂತು. ಮುಂದೆ ಹೇಳಬೇಕಾಗಿಲ್ಲ. ಕೂಗು ಹುಡುಕಿಕೊಡುವ ಸಾಫ್ಟ್‌ವೇರ್ ಕೂಡ ಒಂದು ವಾರ ಬೆಲ್ ಫ್ರಾಗ್ ಜಾತ್ರೆಯನ್ನೇ ತೋರಿಸಿತು. ಕೂತು ಕೇಳಿದರೆ ಅರ್ಧಕ್ಕರ್ಧ ಪಕ್ಕದ ಜಮೀನಿನವರ ನಿಜವಾದ ಬೈಕು.

ಕ್ಯಾಮೆರಾ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಂಡಿದ್ದೆ, ಕಪ್ಪೆ ವಿಷಯದಲ್ಲಿ ಅದು ದಂಡ. ಓಡಾಡುವ ಬಿಸಿ ಮೈ ಕಂಡರೆ ಮಾತ್ರ ಅದು ಕ್ಲಿಕ್ ಮಾಡುವುದು. ಕಪ್ಪೆಯದು ಸುತ್ತಲಿನಷ್ಟೇ ತಣ್ಣಗಿನ ಮೈ. ನನ್ನ ಕಾರ್ಡಿನಲ್ಲಿ ಸಿಕ್ಕಿದ್ದು ಕಾಂಗರೂ, ಎಮು, ಕಾಡುಹಂದಿ, ಮತ್ತೆ ಬಿಸಿಲಲ್ಲಿ ಅಲ್ಲಾಡಿದ ಹುಲ್ಲಿನ ಸಾವಿರಾರು ಫೋಟೋ. ಆದರೆ ಅದನ್ನೇ ನೀರಿನ ಮಟ್ಟ ಅಳೆಯುವ ಕೋಲಿನ ಕಡೆ ತಿರುಗಿಸಿ ಗಂಟೆಗೊಂದು ಫೋಟೋ ಅಂತ ಇಟ್ಟೆವು ನೋಡಿ, ಅಲ್ಲಿ ಅದರ ಬೆಲೆ ಗೊತ್ತಾಯಿತು. ಲಿಗ್ನಮ್ ಪೊದೆಗಳಲ್ಲಿ ಗೂಡು ಕಟ್ಟುವ ಐಬಿಸ್ ಹಕ್ಕಿಗಳಿಗೂ ಹೀಗೆ ಇಟ್ಟ ಕ್ಯಾಮೆರಾನೇ ಸರಿ. ನಮ್ಮ ಕೆಂಬರಲಿನ ನೆಂಟರು ಇವು. ಗೂಡಿನ ಕೆಳಗೆ ನೀರು ದಿಢೀರ್ ಇಳಿದರೆ ಮೊಟ್ಟೆ, ಮರಿ ಬಿಟ್ಟು ಹಾರಿಹೋಗುತ್ತವೆ. ಮಟ್ಟ ಇಳಿಯುವುದು ಬೇಗ ಕಂಡರೆ ಇನ್ನಷ್ಟು ನೀರು ಬಿಡಬಹುದು. ಮನುಷ್ಯರು ದಿನಾ ಹೋಗಿ ನೋಡಿದರೆ ನಮಗೆ ಹೆದರಿಯೇ ಏಳುತ್ತವೆ.

ಉಳಿದದ್ದು ಬಲೆ. ಲೈಸೆನ್ಸ್ ಇರುವ ಸಂಶೋಧಕರು ಮಾತ್ರ ಹಾಕಬೇಕು, ನಾನು ಗೂಟ ಹಿಡಿದುಕೊಂಡವನು. ಸಂಜೆ ಹಾಕಿ ಬೆಳಿಗ್ಗೆ ಎತ್ತುತ್ತಾರೆ. ಒಳಗೆ ಆಮೆ ಸಿಕ್ಕಿದರೆ ಉಸಿರಾಡಲಿ ಅಂತ ಬಲೆಯ ತುದಿಯನ್ನು ನೀರಿನ ಮೇಲೆ ನಿಲ್ಲಿಸಿರುತ್ತಾರೆ. ಮುಕ್ಕಾಲು ಪಾಲು ಕಾರ್ಪ್ ಮೀನು, ಕೆಸರು, ವಾಸನೆ. ಆದರೂ ಬಲೆ ಇಲ್ಲದೆ ಆಗಲ್ಲ. ಕಪ್ಪೆಯ ಕೂಗು ಮದುವೆಯ ವಾಲಗ ಇದ್ದ ಹಾಗೆ. ವಾಲಗ ಕೇಳಿಸಿತು ಅಂದ ಮಾತ್ರಕ್ಕೆ ತೊಟ್ಟಿಲು ತೂಗಿತು ಅಂತ ಅಲ್ಲವಲ್ಲ. ಮೊದಲ ಬೇಸಿಗೆಯಲ್ಲಿ ಒಂದು ಜೌಗಿನ ರೆಕಾರ್ಡರ್ ತುಂಬಾ ಕೂಗು ಕೊಟ್ಟಿತು, ನಾವೂ ಹಿಗ್ಗಿದೆವು. ಗೊದಮೊಟ್ಟೆಗೆ ಕಾಲು ಬರಲು ಎರಡು ಮೂರು ತಿಂಗಳು ನೀರು ನಿಲ್ಲಬೇಕು. ಆ ಜೌಗು ಅಷ್ಟರೊಳಗೆ ಬತ್ತಿತು. ಎರಡನೇ ಬೇಸಿಗೆ ಅದೇ ಜೌಗಿಗೆ ಮಧ್ಯದಲ್ಲಿ ಇನ್ನೊಮ್ಮೆ ನೀರು ಬಂತು. ಬಲೆಯಲ್ಲಿ ಹಿಂಗಾಲು ಮೂಡಿದ ಗೊದಮೊಟ್ಟೆ ಸಿಕ್ಕಿದವು.

ಕೈಯಲ್ಲಿರುವ ದುಡ್ಡಿಗೆ ಒಂದೇ ಒಂದು ಅಂದರೆ ರೆಕಾರ್ಡರ್ ಕೊಳ್ಳಿ. ಎರಡನೇದು ಕ್ಯಾಮೆರಾ, ಅದೂ ಕೋಲಿನ ಕಡೆಗೆ. ಕಿವಿ ಹೇಗೂ ಪುಕ್ಕಟೆ, ಗಾಳಿ ಇಲ್ಲದ ರಾತ್ರಿ ನೋಡಿ ಹೋಗಿ. ರೆಕಾರ್ಡರನ್ನು ನಾನೀಗ ತಲೆಗಿಂತ ಮೇಲೆ ಕಟ್ಟುತ್ತೇನೆ. ಬ್ಯಾಟರಿ ಬದಲಿಸೋಕೆ ಏಣಿ ಹೊತ್ತುಕೊಂಡು ನೀರಿಗೆ ಇಳಿಯಬೇಕು, ಏನು ಮಾಡೋದು.