ಫ್ಯಾನಿನ ಸದ್ದು, ತೋಡಿಯ ಗಾಂಧಾರ: ಮನೆಯಲ್ಲಿ ವೀಣೆಯನ್ನು ಧ್ವನಿಮುದ್ರಿಸಲು ಯಾವ ಉಪಾಯ ಒಳ್ಳೆಯದು?

ವೀಣೆಯಲ್ಲಿ ಒಮ್ಮೆ ಮೀಟಿ, ಆ ನಾದ ಇಳಿಯುತ್ತಿರುವಾಗಲೇ ತಂತಿಯನ್ನು ಎಳೆದು ಇನ್ನೆರಡು ಸ್ವರಗಳನ್ನು ನುಡಿಸುತ್ತೇವೆ. ಮೊದಲ ಸ್ವರ ತುಂಬಿ ಕೇಳುತ್ತದೆ. ಕೊನೆಯ ಸ್ವರದ ಹೊತ್ತಿಗೆ ನಾದ ಸೀಲಿಂಗ್ ಫ್ಯಾನಿನ ಸದ್ದಿನಷ್ಟಕ್ಕೆ ಇಳಿದಿರುತ್ತದೆ. ಮನೆಯಲ್ಲಿ ವೀಣೆಯನ್ನು ಮುದ್ರಿಸುವವರ ಕಷ್ಟವೆಲ್ಲ ಈ ಕೊನೆಯ ಸ್ವರದಲ್ಲಿದೆ. ಗದ್ದಲ ತೆಗೆಯುವ ಉಪಾಯ ಅದನ್ನೂ ಎಳೆದೊಯ್ದರೆ ಉಳಿಯುವುದು ಬರಿಯ ಮೀಟು, ರಾಗ ಉಳಿಯುವುದಿಲ್ಲ.

ಹಾಗಾಗಿ ನನ್ನ ಪರೀಕ್ಷೆಗೆ ತೋಡಿ ರಾಗವನ್ನೇ ಆರಿಸಿಕೊಂಡೆ. ಅದರ ಗಾಂಧಾರದ, ಅಂದರೆ ‘ಗ’ ಸ್ವರದ, ತೂಗಾಟ ಉಳಿಯಿತೇ ಇಲ್ಲವೇ ಎಂಬುದೇ ನನ್ನ ಅಳತೆಗೋಲು. ಮೈಸೂರಿನ ಮನೆಯ ಅದೇ ಕೋಣೆಯಲ್ಲಿ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸಿದೆ.

ಮೊದಲು ಮುದ್ರಿಸಿದ ಮೇಲೆ ತೊಳೆಯುವ ದಾರಿಗಳು. ನಾಯ್ಸ್ ಗೇಟ್ ಎಂಬುದು ಬಾಗಿಲಿನಂತೆ: ಧ್ವನಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮುಚ್ಚಿಕೊಳ್ಳುತ್ತದೆ. ಮೃದಂಗಕ್ಕೋ ಮಾತಿಗೋ ಒಪ್ಪಬಹುದು. ವೀಣೆಯಲ್ಲಿ ಗಾಂಧಾರ ಎರಡನೆಯ ತೂಗಿಗೇ ಕತ್ತರಿಸಿಹೋಯಿತು. ಮಾತನ್ನು ಶುದ್ಧಗೊಳಿಸಲೆಂದು ತರಬೇತಿ ಪಡೆದ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಇನ್ನೂ ಕೆಟ್ಟದ್ದು. ಅದಕ್ಕೆ ಮನುಷ್ಯರ ಮಾತು ಬೇಕು, ಉಳಿದದ್ದೆಲ್ಲ ಕಸ. ನನ್ನ ವೀಣೆಯನ್ನೂ ಕಸದ ಜೊತೆಗೇ ಗುಡಿಸಿತು. ಆ ಕಡತವನ್ನು ಕೇಳಿಸಿದಾಗ ಗುರುಗಳು ಕೇಳಿದ್ದು ಒಂದೇ ಮಾತು: “ಗಾಂಧಾರ ಎಲ್ಲಿ ಹೋಯಿತಮ್ಮಾ?”

ಈ ಗುಂಪಿನಲ್ಲಿ ಸ್ವಲ್ಪ ಮರ್ಯಾದೆ ಉಳಿಸಿಕೊಂಡದ್ದು ಧ್ವನಿ ತಿದ್ದುವ ತಂತ್ರಾಂಶವಾದ ಅಡಾಸಿಟಿಯ ನಾಯ್ಸ್ ರಿಡಕ್ಷನ್. ಬರಿಯ ಗದ್ದಲವಿರುವ ಎರಡು ಮೂರು ಸೆಕೆಂಡಿನ ಭಾಗವನ್ನು ಮೊದಲು ಮಾದರಿಯಾಗಿ ತೋರಿಸಬೇಕು. ಆಮೇಲೆ ಅದು ಆ ಬಗೆಯ ಸದ್ದನ್ನು ಇಡೀ ಮುದ್ರಣದಿಂದ ತಗ್ಗಿಸುತ್ತದೆ. 12 ಡೆಸಿಬಲ್ ತಗ್ಗಿಸಿದಾಗ ಸ್ವರದ ಬಾಲದಲ್ಲಿ ನೀರಿನೊಳಗಿನಿಂದ ಬಂದಂಥ ಗುಳುಗುಳು ಕೇಳಿಸಿತು. 6ಕ್ಕೆ ಇಳಿಸಿದೆ. ಫ್ಯಾನ್ ಪೂರ್ತಿ ಹೋಗಲಿಲ್ಲ, ಗಾಂಧಾರ ಮಾತ್ರ ಇಡಿಯಾಗಿ ಉಳಿಯಿತು. ಒಂದು ಎಚ್ಚರಿಕೆ: ಈ ವಿಧಾನ ಹಿಡಿಯುವುದು ಏಕಪ್ರಕಾರವಾಗಿ ಕೇಳುತ್ತಲೇ ಇರುವ ಸದ್ದನ್ನು. ಕುಕ್ಕರ್ ಕೂಗಿದರೆ, ಬೀದಿಯಲ್ಲಿ ಸೊಪ್ಪಿನವರು ಕೂಗಿದರೆ ಇದರಿಂದ ಏನೂ ಆಗದು. ತಂಬೂರಿಯ ಶ್ರುತಿಯಾದರೋ ಏಕಪ್ರಕಾರದ ನಾದವೇ! ಒಮ್ಮೆ ಶ್ರುತಿಪೆಟ್ಟಿಗೆ ನುಡಿಯುತ್ತಿರುವಾಗಲೇ ಮಾದರಿ ತೆಗೆದುಕೊಂಡೆ, ತಂಬೂರಿಯೇ ಸವೆದುಹೋಯಿತು. ಈಗ ತಂಬೂರಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸುತ್ತೇನೆ, ಅದನ್ನು ಬೇರೆ ಟ್ರ್ಯಾಕಿನಲ್ಲಿ ಕೊನೆಗೆ ಸೇರಿಸುತ್ತೇನೆ.

ಎರಡನೆಯದು ಮೈಕ್. ಡೈನಮಿಕ್ ಮೈಕ್ ಸುತ್ತಲಿನ ಗದ್ದಲವನ್ನು ಹಿಡಿಯುವುದಿಲ್ಲ ಎಂದು ಅನೇಕರು ಹೇಳುತ್ತಾರೆ. ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಮತ್ತು ಡೈನಮಿಕ್ ಎರಡನ್ನೂ ವೀಣೆಯಿಂದ ಒಂದೇ ದೂರದಲ್ಲಿಟ್ಟು, ವೀಣೆಯ ನಾದ ಎರಡರಲ್ಲೂ ಸಮನಾಗಿ ಕೇಳುವಂತೆ ಮಟ್ಟ ಹೊಂದಿಸಿದೆ. ಫ್ಯಾನ್ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಡೈನಮಿಕ್ ಮೈಕಿನ ಸಂವೇದನೆ ಕಡಿಮೆ, ವೀಣೆಯ ನಾದವೂ ಮೆಲ್ಲನೆಯದು. ಗೇನ್ ಬಹಳ ಏರಿಸಬೇಕಾದ್ದರಿಂದ ಮೈಕಿನ ಧ್ವನಿಯನ್ನು ಹಿಗ್ಗಿಸುವ ಪ್ರೀಆಂಪ್ಲಿಫೈಯರಿನ ‘ಸ್ಸ್’ ಎಂಬ ಸದ್ದೂ ಜೊತೆಗೂಡಿತು. ಹಾಡುಗಾರರು ಆ ಮೈಕನ್ನು ಬಾಯಿಗೆ ಹತ್ತಿರ ಹಿಡಿಯುತ್ತಾರೆ, ಅದರಿಂದಲೇ ಗದ್ದಲ ಕಡಿಮೆ ಎನಿಸುತ್ತದೆ. ಗುಟ್ಟು ಇರುವುದು ದೂರದಲ್ಲಿ. 60 ಸೆಂಟಿಮೀಟರ್ ದೂರದಲ್ಲಿದ್ದ ಕಂಡೆನ್ಸರನ್ನು 30ಕ್ಕೆ ತಂದರೆ ವೀಣೆಯಿಂದ ನೇರವಾಗಿ ಬರುವ ನಾದ ಸುಮಾರು 6 ಡೆಸಿಬಲ್ ಏರುತ್ತದೆ, ಫ್ಯಾನ್ ಇದ್ದಷ್ಟೇ ಇರುತ್ತದೆ. ತಂತ್ರಾಂಶ ಕಷ್ಟಪಟ್ಟು ಕೊಟ್ಟ ಲಾಭ ಇಲ್ಲಿ ಒಂದು ಸ್ವರವನ್ನೂ ಕಳೆಯದೆ ದೊರೆಯಿತು. ಇನ್ನೂ ಹತ್ತಿರ ಹೋದರೆ ತಂತಿಯ ಮೇಲೆ ಬೆರಳು ಉಜ್ಜುವ ಸದ್ದು ಮುಂದೆ ಬರುತ್ತದೆ, ವೀಣೆಯ ಕೊಡದಿಂದ ಬರುವ ನಾದ ಒಂದೇ ಕಡೆಗೆ ವಾಲುತ್ತದೆ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಕಿವುಡು. ಆ ಬೆನ್ನನ್ನು ಕಿಟಕಿಯ ಕಡೆಗೆ ತಿರುಗಿಸಿಡುತ್ತೇನೆ.

ಮೈಕಿನ ಮೇಲಿರುವ ಲೋ-ಕಟ್ ಗುಂಡಿಯನ್ನು ಮಾತ್ರ ವೀಣೆಯವರು ಯೋಚಿಸಿ ಒತ್ತಬೇಕು. ಅದು ಹಲವು ಮೈಕುಗಳಲ್ಲಿ 80 ಹರ್ಟ್ಸ್‌ನಿಂದ ಕೆಳಗಿನದನ್ನು ತಗ್ಗಿಸುತ್ತದೆ. ನನ್ನ ಸಾರಣಿ, ಅಂದರೆ ಮುಖ್ಯ ‘ಸ’ ತಂತಿ, ಸುಮಾರು 165 ಹರ್ಟ್ಸ್. ಆ ಲೆಕ್ಕದಲ್ಲಿ ಅನುಮಂದ್ರದ ಪಂಚಮ, ಅಂದರೆ ಎಲ್ಲಕ್ಕಿಂತ ಕೆಳಗಿನ ‘ಪ’ ತಂತಿ, 62ರ ಆಸುಪಾಸಿನಲ್ಲಿದೆ. ಗುಂಡಿ ಒತ್ತಿದರೆ ಬಸ್ಸಿನ ಗುಡುಗುಡಿನ ಜೊತೆ ಆ ತಂತಿಯ ಗಾಂಭೀರ್ಯವೂ ತೆಳುವಾಗುತ್ತದೆ. ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಗೆ ನನಗೆ ಒದಗಿದ ಮದ್ದು ಇದಕ್ಕಿಂತ ಸರಳ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಮುದ್ರಿಸುವುದು.

ಗದ್ದಲ ತಡೆಯಲೆಂದು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ದಂಡ. ದಪ್ಪ ಕಂಬಳಿ, ರಜಾಯಿಗಳು ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತವೆ. ಬೆನ್ನ ಹಿಂದೆ ಎರಡು ಕಟ್ಟಿದರೆ ನಾದ ಸ್ಪಷ್ಟವಾಗುತ್ತದೆ. ಪಕ್ಕದ ಮನೆಯ ನೀರಿನ ಮೋಟಾರನ್ನು ಅವು ತಡೆಯಲಾರವು, ಅದಕ್ಕೆ ಭಾರವಾದ ಗೋಡೆಯೇ ಬೇಕು.

ಉಳಿದದ್ದು ಹೊತ್ತು. ಬೆಳಗಿನ ಜಾವ ಸಾಧನೆಗೆ ಹೇಳಿಮಾಡಿಸಿದ್ದು, ಆದರೆ ಬೇಸಿಗೆಯಲ್ಲಿ ಕೋಗಿಲೆ ನಾಲ್ಕೂವರೆಗೇ ಶುರುಮಾಡುತ್ತದೆ. ರಾತ್ರಿ ಹನ್ನೊಂದರ ಮೇಲೆ ನಮ್ಮ ಬೀದಿ ಮಲಗುತ್ತದೆ. ಆಗ ಫ್ಯಾನ್ ನಿಲ್ಲಿಸಿ, ಫ್ರಿಜ್ ಆರಿಸಿ, ಮತ್ತೆ ಹಾಕಲು ಮರೆಯದಂತೆ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಟ್ಟು ಕುಳಿತುಕೊಳ್ಳುತ್ತೇನೆ. ಕಳೆದ ವಾರದ ಮುದ್ರಣಕ್ಕೆ ಯಾವ ತಂತ್ರಾಂಶವನ್ನೂ ಮುಟ್ಟಿಸಲಿಲ್ಲ. ಗಾಂಧಾರ ತೂಗಿ ತೂಗಿ ನಿಲ್ಲುವವರೆಗೂ ಕೇಳುತ್ತದೆ.