ಮೈಕ್, ಕ್ಯಾಮೆರಾ, ಪರದೆ: ಕ್ರೋಮ್, ಫೈರ್‌ಫಾಕ್ಸ್, ಮ್ಯಾಕ್, ಫೋನು ನಾಲ್ಕರಲ್ಲೂ ಮಾಡಿ ನೋಡಿದ್ದು

ಹೊಸ ವೆಬ್‌ಸೈಟನ್ನು ಎಲ್ಲರಿಗೂ ಬಿಡುವ ಮೊದಲು ನಮ್ಮಂಥವರ ಕೈಗೆ ಕೊಟ್ಟು ನೋಡುತ್ತಾರೆ. ನಾವು ಅದನ್ನು ಬಳಸುತ್ತಾ "ಬಟನ್ ಎಲ್ಲಿದೆ ಗೊತ್ತಾಗ್ತಿಲ್ಲ", "ಇದು ಏನು ಕೇಳ್ತಿದೆ?" ಅಂತ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಮಾತು, ಮುಖ, ಪರದೆ ಮೂರೂ ರೆಕಾರ್ಡ್ ಆಗುತ್ತವೆ. ಸಂಜೆ ಬಿಡುವಿನಲ್ಲಿ ಮಾಡುವ ಕೆಲಸ, ನಾಲ್ಕು ಕಾಸು ಬರುತ್ತದೆ. ತಲೆನೋವು ಅಂದರೆ ಶುರುವಿನ ಐದು ನಿಮಿಷ. ಯಾವುದಕ್ಕೆ "ಅಲೋ" (ಅನುಮತಿ ಕೊಡುವ ಬಟನ್) ಒತ್ತಬೇಕು, ಎಲ್ಲಿ ಒತ್ತಬೇಕು ಅನ್ನೋದು.

ನನ್ನ ಮೊದಲ ಸೆಷನ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿದೆ. ಒಂದು ಮಾತೂ ರೆಕಾರ್ಡ್ ಆಗಿರಲಿಲ್ಲ. ತಪ್ಪು ನನ್ನದೇ. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಯಾವತ್ತೋ ಮೈಕ್ ಆಫ್ ಮಾಡಿ ಮರೆತಿದ್ದೆ. ಬ್ರೌಸರ್ ಕೇಳಿದಾಗ ಸೈಟಿಗೆ ಅಲೋ ಕೊಟ್ಟೆ, ಆದರೆ ಬ್ರೌಸರ್‌ಗೇ ಮೈಕ್ ಸಿಕ್ಕಿರಲಿಲ್ಲ. ನಡುಮನೆ ಬಾಗಿಲು ತೆಗೆದಿಟ್ಟು ಹೊರಬಾಗಿಲಿಗೆ ಚಿಲಕ ಹಾಕಿದ ಹಾಗೆ. ಆ ಪ್ರೈವಸಿ ಭಾಗದಲ್ಲೇ "ಡೆಸ್ಕ್‌ಟಾಪ್ ಆ್ಯಪ್‌ಗಳು" ಅಂತ ಬೇರೆಯದೇ ಒಂದು ಸ್ವಿಚ್ ಇದೆ. ಬ್ರೌಸರ್‌ಗಳು ಬರುವುದು ಅದರ ಕೆಳಗೆ. ಅದನ್ನೂ ನೋಡಿ.

ಆಮೇಲೆ ಹಟ ಹಿಡಿದು ಒಂದೇ ಥರದ ಸೆಷನ್ ಅನ್ನು ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನ ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ, ಅಕ್ಕನ ಮಗನ ಮ್ಯಾಕ್‌ನಲ್ಲಿ, ಕೊನೆಗೆ ಫೋನಿನಲ್ಲಿ ಮಾಡಿ ನೋಡಿದೆ.

ಮೈಕ್, ಕ್ಯಾಮೆರಾ ಮಟ್ಟಿಗೆ ನನಗೆ ಹಿಡಿಸಿದ್ದು ಫೈರ್‌ಫಾಕ್ಸ್. ಕೇಳುವಾಗಲೇ ಯಾವ ಮೈಕ್, ಯಾವ ಕ್ಯಾಮೆರಾ ಅಂತ ಅದೇ ಪೆಟ್ಟಿಗೆಯಲ್ಲಿ ಪಟ್ಟಿ ತೋರಿಸುತ್ತದೆ. ನೆನಪಿಟ್ಟುಕೋ ಅಂತ ಟಿಕ್ ಹಾಕದಿದ್ದರೆ ಟ್ಯಾಬ್ ಮುಚ್ಚಿದ ಮೇಲೆ ಅನುಮತಿಯೂ ಹೋಗುತ್ತದೆ. ಕ್ರೋಮ್‌ನಲ್ಲೂ ಈಗ "ಈ ಸಲ ಮಾತ್ರ" ಅನ್ನೋ ಆಯ್ಕೆ ಇದೆ. ಆದರೆ ಅವಸರದಲ್ಲಿ ಕೈ ಹೋಗುವುದು "ಸೈಟಿಗೆ ಬಂದಾಗಲೆಲ್ಲ" ಅನ್ನೋದರ ಮೇಲೆ. ಅಲ್ಲಿಗೆ ಅದು ಖಾಯಂ. ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರ್‌ನ ಒಳಗಿರುವುದೂ ಕ್ರೋಮ್‌ನ ಯಂತ್ರವೇ, ಹಾಗಾಗಿ ಅದನ್ನು ಬೇರೆ ಹೇಳಲ್ಲ.

ಬ್ಲೂಟೂತ್ ಇಯರ್‌ಫೋನ್ ಇದ್ದವರಿಗೆ ಒಂದು ಮಾತು. ಅದರ ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಥರದ ಸಂಪರ್ಕಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ವೈರ್ ಇರುವ ಇನ್ನೂರು ರೂಪಾಯಿಯ ಇಯರ್‌ಫೋನೇ ಎಷ್ಟೋ ವಾಸಿ.

ಪರದೆ ವಿಷಯಕ್ಕೆ ಬಂದರೆ ಆಟ ಉಲ್ಟಾ. ಇಲ್ಲಿ ಯಾವ ಬ್ರೌಸರ್ರೂ ಖಾಯಂ ಅನುಮತಿ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಕೇಳುತ್ತದೆ. ಅದು ಒಳ್ಳೇದೇ. ಕ್ರೋಮ್ ಮೂರು ದಾರಿ ಕೊಡುತ್ತದೆ: ಒಂದು ಟ್ಯಾಬ್, ಒಂದು ವಿಂಡೋ, ಇಡೀ ಪರದೆ. ಟ್ಯಾಬ್ ಆರಿಸಿದರೆ ಅದರ ಧ್ವನಿಯನ್ನೂ ಸೇರಿಸಬಹುದು. ಫೈರ್‌ಫಾಕ್ಸ್‌ನಲ್ಲಿ ನನಗೆ ಸಿಕ್ಕಿದ್ದು ವಿಂಡೋ ಮತ್ತು ಇಡೀ ಪರದೆ ಎರಡೇ. ಧ್ವನಿ ಸೇರಿಸುವ ದಾರಿಯೂ ಕಾಣಲಿಲ್ಲ. ವಿಡಿಯೊ ನೋಡಿ ಅಭಿಪ್ರಾಯ ಹೇಳುವ ಸೆಷನ್ ಆದರೆ ಅದು ಆಗಲ್ಲ.

ಹಾಗಂತ ಟ್ಯಾಬೇ ಯಾವಾಗಲೂ ಸರಿ ಅಂತಲೂ ಅಲ್ಲ. ಒಂದು ಸಲ ಸೈಟಿನ ಲಿಂಕ್ ಒತ್ತಿದೆ, ಹೊಸ ಟ್ಯಾಬ್ ತೆರೆಯಿತು. ನಾನು ಅಲ್ಲಿ ಕೂತು ಬಡಬಡ ಮಾತಾಡುತ್ತಿದ್ದರೆ ರೆಕಾರ್ಡಿಂಗ್‌ನಲ್ಲಿ ಹಳೇ ಟ್ಯಾಬೇ ನಿಂತಿತ್ತು. ಹೊಸದಕ್ಕೆ ಬದಲಾಯಿಸುವ ಬಟನ್ ಮೇಲೆಯೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ವಿಂಡೋ ಕೊಟ್ಟರೆ ಈ ತೊಂದರೆ ಇಲ್ಲ, ಆದರೆ ಕೆಲವು ಸಲ ಇಳಿಪಟ್ಟಿಗಳು ರೆಕಾರ್ಡಿಂಗ್‌ನಲ್ಲಿ ಕಾಣುವುದಿಲ್ಲ. ಇಡೀ ಪರದೆ ಕೊಟ್ಟರೆ ಎಲ್ಲಾ ಕಾಣುತ್ತದೆ, ಅದೇ ಅದರ ಕಷ್ಟ. "ಬರುವಾಗ ಕೊತ್ತಂಬರಿ ಸೊಪ್ಪು ತಾ" ಅನ್ನೋ ಅಮ್ಮನ ಮೆಸೇಜು ಯಾವುದೋ ಊರಿನ ಡಿಸೈನರ್ ಕಂಪ್ಯೂಟರಿನಲ್ಲಿ ಈಗಲೂ ಇರಬೇಕು. ಈಗ ನಾನು ಬೇರೆ ವಿಂಡೋ ತೆರೆದು, ಅದರಲ್ಲಿ ಸೆಷನ್ ಬಿಟ್ಟು ಬೇರೇನೂ ಇಡದೆ ಅದನ್ನೇ ತೋರಿಸುತ್ತೇನೆ.

ಮ್ಯಾಕ್ ಬಹಳ ಬಿಗಿ. 2019ರಲ್ಲಿ ಬಂದ ಕ್ಯಾಟಲಿನಾ ಅನ್ನೋ ಮ್ಯಾಕ್ ಆವೃತ್ತಿಯಿಂದ ಈಚೆಗೆ ಪರದೆ ರೆಕಾರ್ಡ್ ಮಾಡುವ ಆ್ಯಪ್‌ಗಳಿಗೆ ಸಿಸ್ಟಮ್ಮೇ ಬೇರೆ ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ಆ ಆ್ಯಪನ್ನು ಮುಚ್ಚಿ ಮತ್ತೆ ತೆರೆಯಬೇಕು. ಸೆಷನ್ ನಡುವೆ ಬ್ರೌಸರ್ ಮುಚ್ಚಿದರೆ ಗತಿ ಏನು? ನನಗೆ ಅದೇ ಆಯಿತು, ಅರ್ಧ ಮಾಡಿದ್ದು ಹೋಯಿತು. ಆಮೇಲೆ ಗೊತ್ತಾದದ್ದು, ಕ್ರೋಮ್‌ನಲ್ಲಿ ಟ್ಯಾಬ್ ಮಾತ್ರ ಹಂಚಿದರೆ ಮ್ಯಾಕ್ ಆ ಅನುಮತಿಯನ್ನು ಕೇಳುವುದೇ ಇಲ್ಲ. ವಿಂಡೋ, ಇಡೀ ಪರದೆಗೆ ಮಾತ್ರ ಬೇಕು. ಮ್ಯಾಕ್ ಇದ್ದವರು ಹಿಂದಿನ ದಿನವೇ ಒಂದು ಸಲ ಸುಮ್ನೆ ಹಂಚಿ ನೋಡಿಬಿಡಿ. ಮ್ಯಾಕ್‌ನದೇ ಬ್ರೌಸರ್ ಸಫಾರಿಯನ್ನು ಒಂದೇ ಸಲ ಬಳಸಿದೆ. ಪುಟ ರೀಲೋಡ್ ಮಾಡಿದಾಗ ಮೈಕ್, ಕ್ಯಾಮೆರಾ ಮತ್ತೆ ಕೇಳಿತು. ಅಷ್ಟು ತಾಳ್ಮೆ ನನಗಿಲ್ಲ.

ಫೋನಿನ ಕಥೆ ಚಿಕ್ಕದು. ಆಂಡ್ರಾಯ್ಡ್‌ನ ಕ್ರೋಮ್ ವೆಬ್‌ಸೈಟಿಗೆ ಪರದೆ ಕೊಡುವುದಿಲ್ಲ. ಅದಕ್ಕೆ ಆ್ಯಪೇ ಬೇಕು. ಆ್ಯಪ್‌ಗೆ ಕೊಟ್ಟರೆ ನನ್ನ ಹಳೇ ಫೋನಿನಲ್ಲಿ ಇಡೀ ಪರದೆ ಹೋಗುತ್ತದೆ, ಬಂದ ಓಟಿಪಿ ಸಮೇತ. ಹೊಸ ಆಂಡ್ರಾಯ್ಡ್‌ಗಳಲ್ಲಿ ಒಂದೇ ಆ್ಯಪ್ ತೋರಿಸುವ ಆಯ್ಕೆ ಬಂದಿದೆ. ಒಂದು ವಿಷಯಕ್ಕೆ ಮಾತ್ರ ಫೋನನ್ನು ಮೆಚ್ಚಬೇಕು. ಆಂಡ್ರಾಯ್ಡ್ 12ರಿಂದ ಮೈಕ್, ಕ್ಯಾಮೆರಾ ಯಾರು ಬಳಸಿದರೂ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ.

ಫೋನಿನ ಪರದೆ ಅಂದ ಕೂಡಲೇ ಅಮ್ಮ ಗದರುತ್ತಾರೆ: "ಯಾರೋ ತೋರ್ಸು ಅಂದ್ರೆ ತೋರಿಸಿಬಿಡ್ತೀಯಾ?" ಭಯ ಸುಳ್ಳಲ್ಲ. ಬ್ಯಾಂಕಿನವರು ಅಂತ ಹೇಳಿಕೊಂಡು ಫೋನ್ ಮಾಡಿ, ದೂರದಿಂದ ಫೋನ್ ನಡೆಸುವ ಆ್ಯಪ್ ಹಾಕಿಸಿ ದುಡ್ಡು ಎಗರಿಸುವವರ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ಬ್ರೌಸರ್‌ನಲ್ಲಿ ಪರದೆ ಹಂಚಿದರೆ ಅವರು ನೋಡಬಹುದು, ಮೌಸ್ ಹಿಡಿಯಲಾಗದು. ಆದರೆ ನೋಡುವುದೇ ಸಾಕಲ್ವಾ, ಓಟಿಪಿ ಕದಿಯಲು? ಅದಕ್ಕೇ ಫೋನಿನ ಸೆಷನ್‌ಗಳನ್ನು ನಾನು ಈಗ ಒಪ್ಪಿಕೊಳ್ಳುವುದಿಲ್ಲ. ದುಡ್ಡು ಕಡಿಮೆ ಬರುತ್ತದೆ, ಬರಲಿ.

ಕೊನೆಗೆ ಉಳಿದದ್ದು ವಿಂಡೋಸ್ ಮೇಲೆ ಕ್ರೋಮ್, ಸೆಷನ್‌ಗಳಿಗೆ ಅಂತಲೇ ಮಾಡಿಟ್ಟ ಬೇರೆ ಪ್ರೊಫೈಲ್. ಪರದೆಯ ಧ್ವನಿ ಬೇಡದ ಕೆಲಸ ಆದರೆ ಫೈರ್‌ಫಾಕ್ಸ್. ಮುಗಿದ ಮೇಲೆ ಕ್ರೋಮ್‌ನ ಅಡ್ರೆಸ್ ಪಟ್ಟಿಯ ಎಡ ತುದಿಯ ಗುರುತು ಒತ್ತಿ ಕೊಟ್ಟದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ "ಮುಗೀತಾ? ಈಗ ಮಾತಾಡ್ಬಹುದಾ?" ಅಂತ ಕೂಗುತ್ತಾರೆ. ಟಾಸ್ಕ್‌ಬಾರ್‌ನಲ್ಲಿ ಮೈಕ್ ಗುರುತು ಹೋಗಿದೆಯಾ ಅಂತ ನೋಡಿಯೇ ಉತ್ತರ ಕೊಡುತ್ತೇನೆ.